ಸರ್ವರ್ ಕೊಳ್ಳುವ ಮುನ್ನ ಗಮನಿಸಬೇಕಾದದ್ದು

ಸದಸ್ಯರ ಗಮನಕ್ಕೆ,

ಎಸ್‌ಎಪಿ ಕಂಪನಿಯ ವ್ಯವಹಾರ ನಿರ್ವಹಣಾ ತಂತ್ರಾಂಶ ಎಸ್/4ಹಾನಾಗೆ ಸರ್ವರ್ ಕೊಳ್ಳುವವರು ದಯವಿಟ್ಟು ಬಳಕೆದಾರರ ಸಂಖ್ಯೆಯನ್ನಷ್ಟೇ ಕೊಟ್ಟು ಕೊಟೇಶನ್ ಕೇಳಬೇಡಿ. ತಿಂಗಳ ಕೊನೆಯ ಒತ್ತಡದಲ್ಲಿ ಗಂಟೆಗೆ ಎಷ್ಟು ಆರ್ಡರ್ ಸಾಲುಗಳು, ಎಷ್ಟು ಇನ್‌ವಾಯ್ಸ್‌ಗಳು ದಾಖಲಾಗುತ್ತವೆ ಎಂಬುದನ್ನು ಲೆಕ್ಕಪತ್ರ ವಿಭಾಗದಿಂದ ಪಡೆದು ಎಷ್ಟು ದೊಡ್ಡ ಸರ್ವರ್ ಬೇಕೆಂದು ಲೆಕ್ಕ ಹಾಕುವ ಎಸ್‌ಎಪಿಯ ಆನ್‌ಲೈನ್ ಸಾಧನ ಕ್ವಿಕ್ ಸೈಜರ್‌ನಲ್ಲಿ ತುಂಬಿರಿ. ಉತ್ತರ ಸರ್ವರ್‌ನ ಕೆಲಸದ ಸಾಮರ್ಥ್ಯವನ್ನು ಅಳೆಯುವ ಸ್ಯಾಪ್ಸ್ ಲೆಕ್ಕದಲ್ಲಿ ಬರುತ್ತದೆ: ಗಂಟೆಗೆ 2,000 ಆರ್ಡರ್ ಸಾಲುಗಳನ್ನು ಪೂರ್ಣವಾಗಿ ನಿರ್ವಹಿಸುವ ಸಾಮರ್ಥ್ಯವೇ 100 ಸ್ಯಾಪ್ಸ್.

ಮೆಮೊರಿಯಲ್ಲಿ ಮಾತ್ರ ಕೈ ಬಿಗಿ ಮಾಡಬೇಡಿ ಎಂಬುದು ನನ್ನ ಕಳಕಳಿಯ ವಿನಂತಿ. ಎಸ್/4ಹಾನಾದ ಡೇಟಾಬೇಸ್ ಆದ ಹಾನಾ ದತ್ತಾಂಶವನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುವುದರಿಂದ, ಕುಗ್ಗಿಸಿದ ದತ್ತಾಂಶ 300 ಜಿಬಿ ಇದ್ದರೆ ಲೆಕ್ಕಾಚಾರಕ್ಕೂ ಸುಮಾರು ಅಷ್ಟೇ ಜಾಗ ಬೇಕು, ಅಂದರೆ ಒಟ್ಟು 600 ಜಿಬಿ. ಮುಂದಿನ ವರ್ಷಗಳ ಬೆಳವಣಿಗೆ ಇದರ ಮೇಲೆ. ಈಗಾಗಲೇ ಎಸ್‌ಎಪಿಯ ಹಿಂದಿನ ತಂತ್ರಾಂಶ ಇಸಿಸಿ ಬಳಸುತ್ತಿರುವವರು, ಬೇಕಾಗುವ ಮೆಮೊರಿಯನ್ನು ಅಂದಾಜಿಸುವ ಎಸ್‌ಎಪಿ ನೋಟ್ (ಎಸ್‌ಎಪಿಯ ತಾಂತ್ರಿಕ ಟಿಪ್ಪಣಿ) 1872170ರ ವರದಿಯನ್ನು ನಿತ್ಯದ ವ್ಯವಹಾರ ನಡೆಯುವ ಪ್ರೊಡಕ್ಷನ್ ಸಿಸ್ಟಂನಲ್ಲೇ ಓಡಿಸಿ, ಖರೀದಿ ಆದೇಶಕ್ಕೆ ಮುನ್ನ ಫಲಿತಾಂಶವನ್ನು ಇಲ್ಲಿ ಹಂಚಿಕೊಳ್ಳಿ.