ಎಷ್ಟು ಗಂಟೆಗೆ ಮನೆ ಬಿಡ್ತೀರಾ?

ಇವತ್ತು ಡಿಸೆಂಬರ್ 5, ಸ್ವಯಂಸೇವಕರ ದಿನ. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡುವ ಸ್ಕ್ರೈಬ್‌ಗಳನ್ನು ಹೊಂದಿಸುವ ಕೆಲಸಕ್ಕೆ ನಾನು ಕೈಹಾಕಿ ಈ ತಿಂಗಳಿಗೆ ಹತ್ತು ವರ್ಷ ತುಂಬಿತು.

ರಜೆ ಹಾಕಿ ಬಂದು ಬರೆದವರು, ತಮ್ಮ ಪಿಯು ಮಕ್ಕಳನ್ನು ಕಳಿಸಿಕೊಟ್ಟ ಲೆಕ್ಚರರ್‌ಗಳು, ಪಾಠಗಳನ್ನು ಓದಿ ರೆಕಾರ್ಡ್ ಮಾಡಿಕೊಟ್ಟವರು, ಪರೀಕ್ಷೆ ಸೀಸನ್‌ನಲ್ಲಿ ನನ್ನನ್ನು ಸಹಿಸಿಕೊಂಡ ಮನೆಯವರು, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಒಬ್ಬರ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯಬೇಕು. ಹೆಸರು ಹಾಕಬೇಡ ಅಂದಿದ್ದಾರೆ. ನಮಗೆಲ್ಲ ಅವರು ಅಕ್ಕ. ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಆಪರೇಟರ್ ಆಗಿದ್ದು ರಿಟೈರ್ ಆದವರು.

2018ರ ನವೆಂಬರ್‌ನಲ್ಲಿ ಏನಾಯಿತು ಅಂತ ನಮ್ಮ ಗುಂಪಿನವರಿಗೆ ಗೊತ್ತು. ಸ್ಕ್ರೈಬ್ ಬರಲಿಲ್ಲ. ಬಿ.ಎ. ಓದುತ್ತಿದ್ದ ಹುಡುಗಿ ಹಾಲ್ ಬಾಗಿಲಲ್ಲಿ ಕಾದು ಕಾದು ಹಾಸ್ಟೆಲ್‌ಗೆ ವಾಪಸ್ ಹೋದಳು. ಸಂಜೆ ನಾನು ಫೋನ್ ಮಾಡಿದಾಗ, "ಪರವಾಗಿಲ್ಲ ಸರ್, ಮುಂದಿನ ಸಲ ಬರೀತೀನಿ" ಅಂದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಇನ್ನು ಈ ಕೆಲಸ ನನ್ನ ಕೈಲಾಗಲ್ಲ ಅಂತ ಹೇಳೋಕೆ ರಾತ್ರಿ ಅಕ್ಕನ ಮನೆಗೆ ಹೋದೆ. ಅವರು ತಟ್ಟೆ ಇಟ್ಟು ಚಿತ್ರಾನ್ನ ಬಡಿಸಿದರು. ಆಮೇಲೆ ಕೇಳಿದರು, "ಆ ಹುಡುಗನ ಹತ್ರ ಮಾತಾಡಿದ್ಯಾ?"

"ಜವಾಬ್ದಾರಿ ಇಲ್ಲದವನ ಹತ್ರ ಏನು ಮಾತಾಡೋದಕ್ಕ?"

"ಫೋನ್ ಮಾಡು. ಸ್ಪೀಕರ್ ಹಾಕು."

ಹುಡುಗ ಅಳುತ್ತಿದ್ದ. ಅವನು ಬೆಳಗ್ಗೆ ಎಂಟೂವರೆಗೇ ಕಾಲೇಜಿನ ಗೇಟಿನಲ್ಲಿದ್ದ. ಆದರೆ ಅದೇ ಹೆಸರಿನ ಕಾಲೇಜು ಊರಿನಲ್ಲಿ ಎರಡು ಕಡೆ ಇತ್ತು. ನಾನು ಅವನಿಗೆ ಬರೀ ಹೆಸರು ಕಳಿಸಿದ್ದೆ. ನಾಲ್ಕು ಸಲ ನನಗೆ ಫೋನ್ ಮಾಡಿದ್ದ. ನಾನು ಇನ್ನೊಂದು ಪರೀಕ್ಷಾ ಕೇಂದ್ರದ ಒಳಗಿದ್ದೆ, ಫೋನ್ ಹೊರಗಿತ್ತು. ಆಮೇಲೆ ಮಿಸ್ಡ್ ಕಾಲ್ ನೋಡಿದವನು, ನೆಪ ಹೇಳೋಕೆ ಮಾಡಿರುತ್ತಾನೆ ಅಂದುಕೊಂಡು ಸುಮ್ನೆ ಬಿಟ್ಟಿದ್ದೆ.

ನಾನು ಅಲ್ಲೇ ತಟ್ಟೆ ಮುಂದೆ ಅತ್ತೆ. ಅಕ್ಕ ಸಮಾಧಾನ ಹೇಳಲಿಲ್ಲ. ತಟ್ಟೆ ತೆಗೆದು, ನೆಲ ಒರೆಸಿ, ಒಂದು ಲಾಂಗ್ ನೋಟ್‌ಬುಕ್ ತಂದು ಸ್ಕೇಲ್ ಇಟ್ಟು ಮೂರು ಗೆರೆ ಎಳೆದರು. ಆ ಸೀಸನ್‌ನಲ್ಲಿ ಕೈಕೊಟ್ಟವರ ಹೆಸರು ಒಂದು ಕಡೆ, ಯಾಕೆ ಅಂತ ಒಂದು ಕಡೆ, ನಾವು ಏನು ಮಾಡಬಹುದಿತ್ತು ಅಂತ ಕೊನೆಯಲ್ಲಿ. ಬೆಳಗಿನ ಜಾವ ಮೂರು ಗಂಟೆಯವರೆಗೆ ಬರೆಸಿದರು.

ಮೂರನೇ ಕಾಲಂ ಖಾಲಿ ಉಳಿಯಲೇ ಇಲ್ಲ. ಒಬ್ಬ ತಾಯಿಗೆ ನಾನು ಮೂರು ಗಂಟೆ ಪರೀಕ್ಷೆ ಅಂದಿದ್ದೆ. ಗಂಟೆಗೆ 20 ನಿಮಿಷ ಹೆಚ್ಚುವರಿ ಸಿಗುವುದರಿಂದ ಅದು ನಾಲ್ಕು ಗಂಟೆಯಾಗುತ್ತದೆ. ಆಕೆಯ ಮಗು ಸ್ಕೂಲ್ ಬಿಟ್ಟು ಬೀದಿಯಲ್ಲಿ ನಿಂತಿತ್ತು. ಮತ್ತೆ ಬರುತ್ತಾರಾ? ಒಬ್ಬ ಇಂಜಿನಿಯರ್‌ನನ್ನು ಕಾಲೇಜಿನವರು ವಾಪಸ್ ಕಳಿಸಿದ್ದರು. ವಿದ್ಯಾರ್ಥಿಯೇ ಸ್ಕ್ರೈಬ್ ಕರೆತಂದರೆ ಅವರ ಓದು ವಿದ್ಯಾರ್ಥಿಯದಕ್ಕಿಂತ ಒಂದು ಮೆಟ್ಟಿಲು ಕೆಳಗಿರಬೇಕು ಅಂತ ಆ ವರ್ಷವೇ ಕೇಂದ್ರದ ಮಾರ್ಗಸೂಚಿ ಬಂದಿತ್ತು. ನಾನು ಅದನ್ನು ಓದಿರಲಿಲ್ಲ. ರಜೆ ಹಾಕಿ ಬಂದ ಮನುಷ್ಯ ಅವಮಾನವಾಗಿ ಹೋದರು. ಇವರೆಲ್ಲರನ್ನೂ ನಾನು "ನಂಬಿಕೆಗೆ ಆಗದವರು" ಅಂತ ಪಟ್ಟಿಯಿಂದ ಹೊಡೆದುಹಾಕಿದ್ದೆ.

ಅಕ್ಕ ಆ ರಾತ್ರಿ ಹೇಳಿದ್ದು ಇಷ್ಟೇ. "ಬರ್ತೀರಾ ಅಂತ ಕೇಳಬೇಡ ಕಣೋ. ಒಳ್ಳೆಯವರೆಲ್ಲ ಬರ್ತೀನಿ ಅಂತಲೇ ಅಂತಾರೆ. ಎಷ್ಟು ಗಂಟೆಗೆ ಮನೆ ಬಿಡ್ತೀರಾ ಅಂತ ಕೇಳು." ಹಾಗೆ ಕೇಳಿದಾಗಲೇ ಆ ಕಡೆಯವರಿಗೆ ಬಸ್ಸು, ಮಗು, ಆಫೀಸು ಎಲ್ಲ ನೆನಪಾಗುವುದು. ಆಗದಿದ್ದರೆ ಅಲ್ಲೇ ಹೇಳುತ್ತಾರೆ, ಇನ್ನೊಬ್ಬರನ್ನು ಹುಡುಕೋಕೆ ನಮಗೆ ಮೂರು ದಿನ ಇರುತ್ತದೆ. ವಿಳಾಸವನ್ನು ಅವರ ಬಾಯಲ್ಲೇ ವಾಪಸ್ ಹೇಳಿಸು ಅಂದರು. ಎಕ್ಸ್‌ಚೇಂಜ್‌ನಲ್ಲಿ ಅವರು ನಂಬರ್‌ಗಳನ್ನು ಹಾಗೇ ಹೇಳಿಸುತ್ತಿದ್ದರಂತೆ.

ಪಟ್ಟಿಯಲ್ಲಿದ್ದ ಒಬ್ಬೊಬ್ಬರಿಗೂ ಫೋನ್ ಮಾಡಿ ಕ್ಷಮೆ ಕೇಳಿದೆ. ಕೆಲವರು ಮಾತಾಡಲಿಲ್ಲ. ಅವರಿಗೆ ಇಲ್ಲಿ ಮತ್ತೊಮ್ಮೆ ಕ್ಷಮೆ ಕೇಳುತ್ತೇನೆ.

ಆ ಹುಡುಗ ಬಂದ. ಮುಂದಿನ ಸಲ ಅವನೇ ಬರೆಯಬೇಕು ಅಂತ ಹುಡುಗಿ ಹಟ ಹಿಡಿದಳು, ಅವನೇ ಬರೆದ, ಅವಳು ಪಾಸಾದಳು. ಈಗ ನಮ್ಮ ಎಲ್ಲ ಕೇಂದ್ರಗಳ ಗೇಟು, ಬಸ್ ಸ್ಟಾಪು, ರೂಮಿಗೆ ಹೋಗುವ ದಾರಿ ಬರೆದಿಡುವುದು ಅವನ ಕೆಲಸ. ನಿಮ್ಮಿಬ್ಬರ ಋಣ ನನ್ನ ಮೇಲಿದೆ.

ಅಕ್ಕನಿಗೆ ಈಗ ಕಿವಿ ಅಷ್ಟಾಗಿ ಕೇಳಿಸುವುದಿಲ್ಲ. ಫೋನ್ ಮಾಡುವುದನ್ನು ನಮಗೆ ಬಿಟ್ಟಿದ್ದಾರೆ. ಆದರೂ ಪ್ರತಿ ಪಟ್ಟಿಯನ್ನೂ ಬೆರಳಿಟ್ಟು ಓದುತ್ತಾರೆ.

ಅಕ್ಕ, ಸೋಮವಾರ ಒಂಬತ್ತು ಪರೀಕ್ಷೆ ಇದೆ. ಎಂಟು ಜನ ಮನೆ ಬಿಡುವ ಹೊತ್ತು ಹೇಳಿದ್ದಾರೆ. ಒಂಬತ್ತನೆಯವರಿಗೆ ಈಗ ಫೋನ್ ಮಾಡುತ್ತೇನೆ.