ಬೇಸಿಗೆ ಬಯಲು ಶಿಬಿರದ ಚಪ್ಪರಕ್ಕಾಗಿ ದಾನಿಗಳಲ್ಲಿ ಮನವಿ

ಮಾನ್ಯ ದಾನಿಗಳಿಗೂ ಶಿಬಿರದ ಹಳೆಯ ವಿದ್ಯಾರ್ಥಿಗಳಿಗೂ ಶರಣು ಶರಣಾರ್ಥಿಗಳು.

ಯುಗಾದಿ ಕಳೆದ ವಾರದಲ್ಲೇ ಬೀಸಿದ ಗಾಳಿಮಳೆಗೆ ನಮ್ಮ ಶಿಬಿರದ ದೊಡ್ಡ ಚಪ್ಪರದ ತಗಡುಗಳು ಕಿತ್ತು ಪಕ್ಕದ ಹೊಲಕ್ಕೆ ಬಿದ್ದಿವೆ. ಅಡುಗೆಮನೆಯ ಗೋಡೆಯೂ ಬಿರುಕು ಬಿಟ್ಟಿದೆ. ಒಳಗೆ ಮಕ್ಕಳಿರಲಿಲ್ಲ ಎಂಬುದೊಂದೇ ಸಮಾಧಾನ. ಬಸವ ಜಯಂತಿಯ ಮರುದಿನ ಶಿಬಿರ ಶುರುವಾಗಬೇಕು. ಬಾಗಲಕೋಟೆ, ವಿಜಯಪುರ, ಗದಗ ಜಿಲ್ಲೆಗಳ ನೂರಕ್ಕೂ ಹೆಚ್ಚು ಮಕ್ಕಳು ಹೆಸರು ಬರೆಸಿಯಾಗಿದೆ. 40 ಡಿಗ್ರಿ ಬಿಸಿಲಲ್ಲಿ ನೆರಳಿಲ್ಲದ ಜಾಗಕ್ಕೆ ಅವರನ್ನು ಹೇಗೆ ಕರೆಸುವುದು?

ಇವರು ಯಾರ ಮಕ್ಕಳೆಂದು ತಮಗೆ ಹೇಳಬೇಕಾಗಿಲ್ಲ. ಹಿಂಗಾರಿ ಜೋಳದ ರಾಶಿ ಮುಗಿಯಿತೆಂದರೆ ಊರಲ್ಲಿ ಕೂಲಿ ಇಲ್ಲ. ಅಪ್ಪ ಅವ್ವ ಗೋವಾ, ಮಂಗಳೂರು, ಪುಣೆ ಕಡೆ ಗೌಂಡಿ ಕೆಲಸಕ್ಕೆ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ. ಸ್ವಲ್ಪ ಬಲಿತ ಹುಡುಗರು ಅಪ್ಪನ ಹಿಂದೆ ಹೋಗಿ ಇಟ್ಟಿಗೆ ಹೊರಲು ನಿಂತುಬಿಟ್ಟರೆ ಜೂನ್‌ನಲ್ಲಿ ಶಾಲೆಗೆ ಮರಳುವುದಿಲ್ಲ. ಹಿರಿಯ ಅಜ್ಜನವರು (ಸ್ವಾಮಿಗಳು) ಜೋಳಿಗೆ ಹಿಡಿದು ಮನೆಮನೆಯ ಜೋಳ ತಂದು ಈ ಶಿಬಿರ ಆರಂಭಿಸಿದ್ದು ಇದನ್ನು ತಡೆಯಲೆಂದೇ.

ಇಲ್ಲಿ ಮಕ್ಕಳು ಬೇವಿನ ಮರದಡಿ ಕೂತು ಪುಂಡಿ ನಾರಿನಿಂದ ಹಗ್ಗ ಹೊಸೆಯುತ್ತಾರೆ, ಎತ್ತಿಗೆ ಕಟ್ಟುವ ಮಿಣಿ, ಕಣ್ಣಿ ಹೆಣೆಯುತ್ತಾರೆ, ಬಾವಿಯಲ್ಲಿ ಈಜು ಕಲಿಯುತ್ತಾರೆ. ಬೂದಿ, ಬೇವಿನೆಲೆ ಬೆರೆಸಿ ಬೀಜ ಕಾಯ್ದಿಡುವುದು, ಬಿತ್ತುವ ಕೂರಿಗೆಯ ಬಟ್ಟಲಿಗೆ ಕಾಳು ಒಂದೇ ಸಮನೆ ಬಿಡುವುದು ಕೈಗೆ ಹತ್ತುವವರೆಗೂ ಬಿಡುವುದಿಲ್ಲ. ಸಂಜೆ ಹರಳೆಣ್ಣೆ ಹಚ್ಚಿದ ಸಾಗವಾನಿ ಕಂಬದ ಮೇಲೆ ಮಲ್ಲಕಂಬ. ಹೆಣ್ಣುಮಕ್ಕಳಷ್ಟೇ ಅಲ್ಲ, ಗಂಡುಹುಡುಗರೂ ಹಳೇ ಸೀರೆಗಳ ಕೌದಿ ಹೊಲಿಯುತ್ತಾರೆ. ಕಸೂತಿಯ ಗವಂತಿ, ಮುರ್ಗಿ, ನೇಗಿ, ಮೆಂತಿ ನಾಲ್ಕೂ ಹೊಲಿಗೆಗಳನ್ನು ಬಟ್ಟೆಯ ಮೇಲೆ ಗೆರೆ ಬರೆಯದೆ, ಎಳೆ ಎಣಿಸಿಯೇ ಹಾಕಬೇಕು. ಗಂಟು ಕಾಣಬಾರದು. ಎಳೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬೇಕು. ಲೆಕ್ಕವೆಂದರೆ ಹೆದರುತ್ತಿದ್ದ ಹುಡುಗಿಯರು ಗೋಪುರ, ತೇರು, ತುಳಸಿಕಟ್ಟೆಗಳನ್ನು ಎಣಿಸಿ ಮೂಡಿಸುವುದನ್ನು ನೋಡಿದವರಿಗೆ ಈ ಕಲೆಯ ಬೆಲೆ ಗೊತ್ತು.

ನಮ್ಮ ಹುಡುಗರು ರಾಜ್ಯಮಟ್ಟದ ಮಲ್ಲಕಂಬದಲ್ಲಿ ಆಡಿದ್ದಾರೆ. ಕೆಲವರು ಸೈನ್ಯದಲ್ಲಿದ್ದಾರೆ. ಕಸೂತಿ ಕಲಿತ ಹೆಣ್ಣುಮಕ್ಕಳು ಮದುವೆಯಾಗಿ ಹೋದ ಊರುಗಳಲ್ಲಿ ಹೊಲಿಗೆ ಸಂಘ ಕಟ್ಟಿದ್ದಾರೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ನುಗ್ಗಿದಾಗ ನದಿದಂಡೆಯ ಎಷ್ಟೋ ಸಂಸಾರಗಳು ಇದೇ ಚಪ್ಪರದಡಿ ತಂಗಿದ್ದವು. ಮಕ್ಕಳು ಹೊಲಿದ ಕೌದಿಗಳೇ ಅವರಿಗೆ ಹೊದಿಕೆಯಾದವು. ಆ ದಿನಗಳಲ್ಲಿ ದಾಸೋಹ ಒಂದು ಹೊತ್ತೂ ನಿಲ್ಲಲಿಲ್ಲ. ಈ ಮಾತನ್ನು ಹೆಮ್ಮೆಯಿಂದಲೇ ಹೇಳುತ್ತೇವೆ.

ಈ ವರ್ಷ ಬಿಟ್ಟು ಬರುವ ವರ್ಷ ಮಾಡೋಣ ಎಂದು ಕೆಲವರು ಸಲಹೆ ಕೊಟ್ಟರು. ನಮಗೆ ಒಪ್ಪಿಗೆಯಾಗಲಿಲ್ಲ. ಹಗ್ಗ ಕಲಿಸುವ ಕಾಕಾ, ಕಸೂತಿ ಕಲಿಸುವ ಆಯಿ ಇಬ್ಬರಿಗೂ ಎಪ್ಪತ್ತು ದಾಟಿದೆ. ಬಸ್ ಚಾರ್ಜು ಬಿಟ್ಟು ಬೇರೇನೂ ಮುಟ್ಟದ ಹಿರಿಯರು ಅವರು. ಅವರ ಕೈ ನಡೆಯುವಾಗಲೇ ಮಕ್ಕಳು ಕಲಿಯಬೇಕು.

ಕಬ್ಬಿಣ, ತಗಡು, ಗೌಂಡಿ ಕೂಲಿ ಸೇರಿ ನಾಲ್ಕು ಲಕ್ಷದ ಆಸುಪಾಸು ಖರ್ಚಿದೆ. ಅರ್ಧದಷ್ಟು ಊರವರೇ ಕೂಡಿಸಿದ್ದಾರೆ. ಒಂದು ಮಗುವಿನ ಊಟ, ವಸತಿ, ಸಾಮಾನಿಗೆ ಸುಮಾರು ಎರಡು ಸಾವಿರ ಹಿಡಿಯುತ್ತದೆ. ಹಣ ಆಗದವರು ಒಂದು ಚೀಲ ಬಿಳಿಜೋಳ, ತೊಗರಿಬೇಳೆ, ಒಗೆದ ಹಳೇ ಸೀರೆ ಕೊಟ್ಟರೂ ಸಂತೋಷ. ಪುಣೆ, ಬೆಂಗಳೂರು, ಹೊರದೇಶಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ತಲಾ ಒಂದು ಮಗುವಿನ ಖರ್ಚು ವಹಿಸಿಕೊಳ್ಳಬೇಕೆಂದು ಕೈಮುಗಿದು ಕೇಳುತ್ತೇವೆ.

ತಗಡಿನ ಅಂಗಡಿಯವರು ಮುಂಗಡ ಕೇಳಿದ್ದಾರೆ. ಆದ್ದರಿಂದ ಬಸವ ಜಯಂತಿಗೆ ಹತ್ತು ದಿನ ಮೊದಲೇ ತಮ್ಮ ದೇಣಿಗೆ ಟ್ರಸ್ಟಿನ ಕಚೇರಿಗೆ ಮುಟ್ಟಲಿ. ಪ್ರತಿಯೊಂದಕ್ಕೂ ರಸೀದಿ ಕೊಡುತ್ತೇವೆ. ಶಿಬಿರದ ಯಾವ ದಿನವಾದರೂ ಬನ್ನಿ, ಮಕ್ಕಳ ಪಂಕ್ತಿಯಲ್ಲೇ ಕೂತು ರೊಟ್ಟಿ ಊಟ ಮಾಡಿ, ಲೆಕ್ಕದ ಪುಸ್ತಕ ನೋಡಿ ಹೋಗಿ.

ಇಂತಿ ತಮ್ಮ ವಿಶ್ವಾಸಿಗಳು,
ಟ್ರಸ್ಟಿನ ಧರ್ಮದರ್ಶಿಗಳು