ಪಂಪು ಹೊಡೆದದ್ದು ಯಾರು?

ಪ್ರೀತಿಯ ತಂಗಿ,

ನೀನು ಕಳಿಸಿದ ಕರಡನ್ನು ಎರಡು ಸಲ ಓದಿದೆ. ಮೊದಲ ಸಲ ಕಾಫಿ ಕುಡಿಯುತ್ತಾ, ಎರಡನೇ ಸಲ ಪೆನ್ಸಿಲ್ ಹಿಡಿದುಕೊಂಡು. ಭಾಷೆ ಚೆನ್ನಾಗಿದೆ, ಓಟವೂ ಇದೆ. ಆದರೆ ಮೊದಲ ಸಾಲಿಗೇ ನನ್ನ ಪೆನ್ಸಿಲ್ ನಿಂತುಬಿಟ್ಟಿತು. ‘ಟೀಚರ್ ಆ್ಯನ್ ಸುಲಿವನ್ ಪಂಪು ಹೊಡೆಯುತ್ತಾ, ಪುಟ್ಟ ಹೆಲೆನ್ ಕೆಲ್ಲರ್‌ಳ ಅಂಗೈ ಮೇಲೆ ನೀರು ಎಂದು ಬರೆದಳು’ ಅಂತ ಶುರು ಮಾಡಿದ್ದೀಯ. ಇದು ಎಲ್ಲಿಂದ ಬಂತು ಅಂತ ಫೋನಿನಲ್ಲಿ ಕೇಳಿದ್ದಕ್ಕೆ, ‘ಅದು ಎಲ್ಲರಿಗೂ ಗೊತ್ತಿರೋದೇ ಅಲ್ವಾ ಅಕ್ಕಾ’ ಅಂದೆ. ಆ ಮಾತು ಎರಡು ದಿನ ತಲೆಯಲ್ಲೇ ಕೂತಿತ್ತು. ಅದಕ್ಕೇ ಈ ಕಾಗದ. ಕೋಪ ಮಾಡ್ಕೋಬೇಡ.

ನಿನ್ನ ಲೇಖನ, ಕಣ್ಣು ಕಾಣದ ಕಿವಿ ಕೇಳದ ಅಮೆರಿಕದ ಲೇಖಕಿ ಹೆಲೆನ್ ಕೆಲ್ಲರ್ ಕುರಿತ 1954ರ ಸಾಕ್ಷ್ಯಚಿತ್ರದ ಬಗ್ಗೆ. ನ್ಯಾನ್ಸಿ ಹ್ಯಾಮಿಲ್ಟನ್ ಮಾಡಿದ್ದು, ನಟಿ ಕ್ಯಾಥರೀನ್ ಕಾರ್ನೆಲ್ ದನಿ ಕೊಟ್ಟದ್ದು, 1956ರಲ್ಲಿ ಆಸ್ಕರ್ ಪಡೆದದ್ದು. ಅದರಲ್ಲಿ ಹೆಲೆನ್ ಅಧ್ಯಕ್ಷ ಐಸೆನ್‌ಹೋವರ್ ಮುಖವನ್ನು ಬೆರಳಿನಿಂದ ಮುಟ್ಟಿ ನೋಡುವುದನ್ನು, ಮಾರ್ಥಾ ಗ್ರಹಾಂ ಅವರ ನೃತ್ಯಶಾಲೆಯಲ್ಲಿ ನಿಂತಿರುವುದನ್ನು ನೀನು ಕಣ್ಣಿಗೆ ಕಟ್ಟುವ ಹಾಗೆ ಬರೆದಿದ್ದೀಯ. ಅಲ್ಲಿ ಒಂದಕ್ಷರವನ್ನೂ ಮುಟ್ಟಬೇಡ. ಕಂಡದ್ದನ್ನು ಬರೆದಿದ್ದೀಯ, ಅದಕ್ಕೇ ಗಟ್ಟಿಯಾಗಿದೆ. ಚಿತ್ರದ ಹಿಂದಿನ ಬದುಕಿಗೆ ಹೋದ ಕೂಡಲೇ ಸಡಿಲವಾಗಿದೆ. ಅಲ್ಲಿ ನೀನು ಕಾಗದ ನೋಡಿಲ್ಲ, ಕೇಳಿದ ಕತೆಯನ್ನೇ ಮತ್ತೆ ಹೇಳಿದ್ದೀಯ.

ಪಂಪಿನ ಹತ್ತಿರ ಹೋಗೋಣ ಬಾ. 1887ರ ಏಪ್ರಿಲ್ 5, ಅಲಬಾಮಾದ ಟಸ್ಕಂಬಿಯಾ ಊರು. ಆ ದಿನದ ಬಗ್ಗೆ ಎರಡು ಬರಹಗಳಿವೆ. ಒಂದು, ಆ್ಯನ್ ಅವತ್ತೇ ಸೋಫಿಯಾ ಹಾಪ್ಕಿನ್ಸ್ ಅನ್ನುವ ಹಿರಿಯ ಗೆಳತಿಗೆ ಬರೆದ ಪತ್ರ. ಇನ್ನೊಂದು, 1903ರಲ್ಲಿ ಬಂದ ಹೆಲೆನ್ ಆತ್ಮಕತೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದು. ಆ್ಯನ್ ಪತ್ರದಲ್ಲಿ ಪಂಪು ಹೊಡೆಯುವವಳು ಆ್ಯನ್, ನೀರು ಬೀಳುವ ಕಡೆ ಲೋಟ ಹಿಡಿದವಳು ಹೆಲೆನ್. ಲೋಟ ತುಂಬಿ ತಣ್ಣನೆ ನೀರು ಕೈ ಮೇಲೆ ಹರಿದಾಗ ಇನ್ನೊಂದು ಕೈಯಲ್ಲಿ ಅಕ್ಷರಗಳು ಮೂಡುತ್ತವೆ, ಲೋಟ ಕೆಳಗೆ ಬೀಳುತ್ತದೆ. ಹೆಲೆನ್ ಪುಸ್ತಕದಲ್ಲಿ ಪಂಪು ಹೊಡೆಯುವವರು ‘ಯಾರೋ’. ಲೋಟವೇ ಇಲ್ಲ, ಟೀಚರ್ ಅವಳ ಕೈಯನ್ನೇ ನೀರಿಗೆ ಒಡ್ಡುತ್ತಾರೆ. ಅದಕ್ಕೆ ಮುಂಚೆ ಹೆಲೆನ್ ಸಿಟ್ಟಿನಿಂದ ಬೊಂಬೆ ಒಡೆದಿದ್ದಾಳೆ. ಆ್ಯನ್ ಪತ್ರದ ಆ ಭಾಗದಲ್ಲಿ ಒಡೆದ ಬೊಂಬೆಯ ಸುದ್ದಿಯೇ ಇಲ್ಲ. ಹೆಲೆನ್‌ಗೆ ಯಾವ ಎರಡು ಪದ ಗೊಂದಲ ಮಾಡುತ್ತಿದ್ದವು ಅನ್ನುವುದರಲ್ಲೂ ವ್ಯತ್ಯಾಸ ಇದೆ. ಆ್ಯನ್ ಪ್ರಕಾರ ಲೋಟ ಮತ್ತು ಹಾಲು, ಹೆಲೆನ್ ಪ್ರಕಾರ ಲೋಟ ಮತ್ತು ನೀರು.

ಯಾರು ಸರಿ? ನನ್ನನ್ನು ಕೇಳಿದರೆ ಪಂಪಿನ ವಿಷಯದಲ್ಲಿ ಆ್ಯನ್‌ಳನ್ನೇ ನಂಬುತ್ತೇನೆ. ಅವತ್ತೇ ಬರೆದವಳು, ಕೈ ನೋವೂ ಅವಳದ್ದೇ. ಆದರೆ ಕೈಯಲ್ಲಿ ನೀರು ಹೇಗಿತ್ತು ಅಂತ ಹೇಳಬಲ್ಲವಳು ಹೆಲೆನ್ ಒಬ್ಬಳೇ. ಏಳು ಇನ್ನೂ ತುಂಬದ ಮಗು, ನೋಡಲಾರದ ಕೇಳಲಾರದ ಮಗು, ಪಂಪು ಹೊಡೆಯುವವರು ಯಾರು ಅಂತ ಹೇಗೆ ತಿಳಿಯಬೇಕು? ಆ ‘ಯಾರೋ’ ಅನ್ನುವ ಪದ ನನಗೆ ಬಹಳ ಇಷ್ಟ. ತನಗೆ ಮುಟ್ಟಿದ್ದಷ್ಟನ್ನೇ ಬರೆದಿದ್ದಾರೆ. ನೀನೂ ನಾನೂ ಆಗಿದ್ದರೆ ಅಲ್ಲಿ ಒಂದು ಹೆಸರು ತುರುಕುತ್ತಿದ್ದೆವು.

ಈಗ ಅಂಗೈ. ಟೀಚರ್ ಅಂಗೈ ಮೇಲೆ ಬೆರಳಿನಿಂದ ಗೀಚಿ ‘ಬರೆಯಲಿಲ್ಲ’. ತನ್ನ ಬೆರಳುಗಳನ್ನು ಮಡಿಸಿ ಚಾಚಿ ಒಂದೊಂದು ಅಕ್ಷರಕ್ಕೆ ಒಂದೊಂದು ಆಕಾರ ಮಾಡುತ್ತಿದ್ದರು, ಮಗು ಅದನ್ನು ತನ್ನ ಕೈಯಿಂದ ತಡವಿ ತಿಳಿಯುತ್ತಿತ್ತು. ಒಂದೇ ಕೈಯ ಬೆರಳಕ್ಷರ ಅದು. ನಾವು ಕನ್ನಡದಲ್ಲಿ ‘ಅಂಗೈ ಮೇಲೆ ಬರೆದರು’ ಅಂದಾಗ ಸ್ಲೇಟು ಬಳಪ ಕಣ್ಣಿಗೆ ಬರುತ್ತದೆ. ಅದು ಬೇರೆ ಚಿತ್ರ. ಹಾಗೇ ನಾಲ್ಕನೇ ಪುಟದಲ್ಲಿ ‘ಮೂಗಿ’ ಅಂದಿದ್ದೀಯ, ಅದನ್ನು ಹೊಡೆದುಹಾಕು. 1890ರಲ್ಲೇ ಹೆಲೆನ್ ಮಾತಿನ ಪಾಠ ಶುರು ಮಾಡಿದ್ದರು. ಹಳೆಯ ಸುದ್ದಿಚಿತ್ರವೊಂದು ಇದೆ, ನೋಡು. ಹೆಬ್ಬೆರಳು ಟೀಚರ ಗಂಟಲ ಮೇಲೆ, ತೋರುಬೆರಳು ತುಟಿ ಮೇಲೆ, ನಡುಬೆರಳು ಮೂಗಿನ ಮೇಲೆ ಇಟ್ಟು ಮಾತು ಹೇಗೆ ಹಿಡಿಯುತ್ತಿದ್ದರು ಅಂತ ಇಬ್ಬರೂ ತೋರಿಸುತ್ತಾರೆ. ಕೊನೆಗೆ ಹೆಲೆನ್ ತಾವೇ ‘ನಾನೀಗ ಮೂಗಿಯಲ್ಲ’ ಅನ್ನುತ್ತಾರೆ. ಅವರೇ ಬಾಯಿ ಬಿಟ್ಟು ಹೇಳಿದ ಮೇಲೂ ನಮ್ಮ ಕಡೆ ಆ ಪದ ಬಿಟ್ಟಿಲ್ಲ.

ನಾನೂ ಈ ಗುಂಡಿಗೆ ಬಿದ್ದವಳೇ. ಮೂವತ್ತು ವರ್ಷದ ಹಿಂದೆ ಕಂಪನಿ ನಾಟಕದ ಹಿರಿಯ ನಟಿಯೊಬ್ಬರು ತೀರಿಕೊಂಡಾಗ ದೊಡ್ಡ ಲೇಖನ ಬರೆದೆ. ‘ಗಂಡ ಸತ್ತ ದಿನವೇ ಬಣ್ಣ ಕಳಚಿದರು’ ಅಂತ ಬರೆದಿದ್ದೆ. ಎಲ್ಲರೂ ಹಾಗೇ ಹೇಳುತ್ತಿದ್ದರು. ಓದಿದವರು ಅತ್ತರು. ಒಂದು ತಿಂಗಳಾದ ಮೇಲೆ ಅವರ ಮಗಳು ಮನೆಗೆ ಕರೆದು ಟ್ರಂಕು ತೆಗೆದರು. ಒಳಗೆ ಸಂಬಳದ ಲೆಕ್ಕದ ಪುಸ್ತಕ. ಗಂಡ ಹೋದ ಮೇಲೂ ಆರು ವರ್ಷ ಪಾತ್ರ ಮಾಡಿದ್ದಾರೆ, ಮಕ್ಕಳ ಫೀಸು ಕಟ್ಟಿದ್ದಾರೆ. ಮಗಳು ಜಗಳ ಆಡಲಿಲ್ಲ. ‘ಅಮ್ಮ ದುಡಿದದ್ದನ್ನು ನೀವು ಅಳಿಸಿಬಿಟ್ಟಿರಿ’ ಅಂದರು, ಅಷ್ಟೇ. ಅವರು ಕೊಟ್ಟ ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಹೆಲೆನ್ ಕೂಡ ರಂಗದ ಮೇಲೆ ದುಡಿದವರು, ಅದು ನಿನ್ನ ಕರಡಿನಲ್ಲಿ ಇಲ್ಲ. 1920ರಿಂದ ಕೆಲವು ವರ್ಷ ಮನರಂಜನೆಯ ಪ್ರದರ್ಶನಗಳಲ್ಲಿ, ಹಾಡು ಕುಣಿತ ಸರ್ಕಸ್ಸಿನವರ ನಡುವೆ, ಟೀಚರ ಜೊತೆ ವೇದಿಕೆ ಹತ್ತುತ್ತಿದ್ದರು. ಜನ ಎದ್ದು ಪ್ರಶ್ನೆ ಕೇಳಬಹುದಿತ್ತು. ಅಂಥ ಪ್ರಶ್ನೆ ಉತ್ತರಗಳ ಟೈಪು ಮಾಡಿದ ಪಟ್ಟಿ ಅವರ ಕಾಗದಗಳಲ್ಲಿ ಉಳಿದಿದೆ. ನಿದ್ದೆ ಮಾಡುವಾಗ ಕಣ್ಣು ಮುಚ್ಚುತ್ತೀರಾ ಅಂತ ಒಬ್ಬರ ಪ್ರಶ್ನೆ. ಎಚ್ಚರ ಇದ್ದು ನೋಡಿಲ್ಲವಲ್ಲ ಅನ್ನುವ ಧಾಟಿಯ ಉತ್ತರ! ನಿನ್ನ ಲೇಖನದ ಹೆಲೆನ್ ಒಂದು ಸಲವೂ ನಗಿಸುವುದಿಲ್ಲ. ಸಂತಳ ಪಟ ಮಾಡಿ ಗೋಡೆಗೆ ತೂಗುಹಾಕಿದ್ದೀಯ. ಅವರು 1909ರಲ್ಲಿ ಸಮಾಜವಾದಿ ಪಕ್ಷ ಸೇರಿದವರು. 1916ರಲ್ಲಿ ಬೋಸ್ಟನ್‌ನಲ್ಲಿ ಮದುವೆಯ ಪರವಾನಗಿಗೆ ಅರ್ಜಿ ಹಾಕಿದವರು. ಸುದ್ದಿ ಪತ್ರಿಕೆಯಲ್ಲಿ ಬಂತು, ಮನೆಯವರು ಮುರಿದರು. 1933ರಲ್ಲಿ ನಾಜಿಗಳ ಪುಸ್ತಕ ಸುಡುವ ಪಟ್ಟಿಯಲ್ಲಿ ತಮ್ಮ ಹೆಸರೂ ಇದೆ ಅಂತ ತಿಳಿದು ಜರ್ಮನಿಯ ವಿದ್ಯಾರ್ಥಿಗಳಿಗೆ ಖಾರವಾದ ಬಹಿರಂಗ ಪತ್ರ ಬರೆದವರು. 1954ರ ಚಿತ್ರದ ಹಿತವಾದ ಅಜ್ಜಿಯ ಹಿಂದೆ ಇಷ್ಟೆಲ್ಲ ಇದೆ.

ಈ ಕಾಗದಗಳೆಲ್ಲ ಎಲ್ಲಿವೆ ಅಂತ ಕೇಳಿದೆಯಲ್ಲ. 1924ರಿಂದ ಅವರು ಕೆಲಸ ಮಾಡಿದ ಅಮೆರಿಕನ್ ಫೌಂಡೇಶನ್ ಫಾರ್ ದಿ ಬ್ಲೈಂಡ್ ಸಂಸ್ಥೆಗೇ ತಮ್ಮ ಕಾಗದಪತ್ರ ಬಿಟ್ಟುಹೋದರು. ಪತ್ರ, ಭಾಷಣ, ಫೋಟೊ, ಪತ್ರಿಕೆ ತುಣುಕು ಎಲ್ಲ ಸೇರಿ 80,000ಕ್ಕೂ ಹೆಚ್ಚು. ಮೂಲ ಪ್ರತಿಗಳು ಈಗ ಕೆಂಟಕಿಯ ಲೂಯಿವಿಲ್‌ನಲ್ಲಿವೆ, ಸ್ಕ್ಯಾನ್ ಮಾಡಿದ್ದು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ. ಕಣ್ಣು ಕಾಣದವರೂ ಕಿವಿ ಕೇಳದವರೂ ಬಳಸುವ ಹಾಗೆ ಮಾಡಿದ್ದಾರೆ. ನನ್ನ ಕಾಲದಲ್ಲಿ ಒಂದು ಹಳೆಯ ಸಂಚಿಕೆ ನೋಡಲು ಬೆಂಗಳೂರಿಗೆ ರಾತ್ರಿ ಬಸ್ಸು ಹಿಡಿಯಬೇಕಿತ್ತು, ನಿನಗೆ ಫೋನಿನಲ್ಲೇ ಸಿಗುತ್ತದೆ. ನೆಪ ಹೇಳಬೇಡ.

ಹಾಗಂತ ಕಾಗದ ಸಿಕ್ಕ ಕೂಡಲೇ ಕಣ್ಣಿಗೆ ಒತ್ತಿಕೊಳ್ಳಬೇಡ. ಆ್ಯನ್ ಪತ್ರ ನಮಗೆ ಸಿಗುವುದು 1903ರ ಅದೇ ಆತ್ಮಕತೆಯ ಹಿಂದಿನ ಭಾಗದಲ್ಲಿ. ಅದನ್ನು ಅಚ್ಚಿಗೆ ಸಿದ್ಧ ಮಾಡಿದವರು ಜಾನ್ ಮೇಸಿ. ಎರಡು ವರ್ಷದ ನಂತರ ಆ್ಯನ್‌ಳನ್ನು ಮದುವೆಯಾದವರೂ ಅವರೇ. ಇನ್ನು ಹೆಲೆನ್‌ಗೆ ಬಂದ ಪತ್ರ. ಬ್ರೈಲ್‌ನಲ್ಲಿ ಇಲ್ಲದ ಪ್ರತಿಯೊಂದನ್ನೂ ಯಾರಾದರೂ ಕೈಗೆ ಬೆರಳಕ್ಷರದಲ್ಲಿ ಓದಿ ಹೇಳಬೇಕಿತ್ತು. ಮೊದಲು ಆ್ಯನ್, 1936ರಲ್ಲಿ ಅವರು ತೀರಿಕೊಂಡ ಮೇಲೆ ಹೆಲೆನ್ ಕಾರ್ಯದರ್ಶಿ ಪಾಲಿ ಥಾಮ್ಸನ್. ಉತ್ತರವನ್ನು ಹೆಲೆನ್ ತಾವೇ ಟೈಪು ಮಾಡುತ್ತಿದ್ದರು, ಆದರೆ ಟೈಪು ಮಾಡಿದ್ದನ್ನು ತಾವು ಮತ್ತೆ ಓದಲಾಗುತ್ತಿರಲಿಲ್ಲ. ನಡುವೆ ಎದ್ದುಹೋಗಿ ಬಂದರೆ ಎಲ್ಲಿಗೆ ನಿಲ್ಲಿಸಿದ್ದೆ ಅಂತ ಇನ್ನೊಬ್ಬರು ಹೇಳಬೇಕು. ನೀನು ಒಂದು ಪ್ಯಾರಾವನ್ನು ಹದಿನೈದು ಸಲ ತಿದ್ದುವವಳು, ಇದನ್ನು ಒಂದು ಗಳಿಗೆ ಯೋಚಿಸು.

ಹೆಲೆನ್‌ಗೆ 11 ವರ್ಷವಿದ್ದಾಗ ಒಂದು ಕತೆ ಬರೆದು ಪರ್ಕಿನ್ಸ್ ಅಂಧರ ಶಾಲೆಯ ಮುಖ್ಯಸ್ಥರಿಗೆ ಉಡುಗೊರೆಯಾಗಿ ಕಳಿಸಿದರು. ಅದು ಅಚ್ಚಾದ ಮೇಲೆ ಮಾರ್ಗರೆಟ್ ಕ್ಯಾನ್ಬಿ ಅನ್ನುವವರ ಕತೆಯಂತೆಯೇ ಇದೆ ಅಂತ ಗದ್ದಲವಾಯಿತು. ಟೀಚರನ್ನು ಹೊರಗೆ ಕಳಿಸಿ ಮಗುವನ್ನು ದೊಡ್ಡವರೆಲ್ಲ ಕೂತು ವಿಚಾರಣೆ ಮಾಡಿದರು. ಆ ಕತೆಯನ್ನು 1888ರ ಬೇಸಿಗೆಯಲ್ಲಿ ಅವಳ ಕೈಗೆ ಓದಿದ್ದು ಯಾರು ಗೊತ್ತಾ? ಅದೇ ಸೋಫಿಯಾ ಹಾಪ್ಕಿನ್ಸ್, ಪಂಪಿನ ಪತ್ರ ಹೋಗಿದ್ದು ಅವರಿಗೇ. ಹುಡುಗಿಗೆ ಕೇಳಿದ ನೆನಪಿರಲಿಲ್ಲ, ಪದಗಳು ಮಾತ್ರ ಉಳಿದಿದ್ದವು. ಪ್ರತಿಯೊಂದು ಪದವೂ ಯಾರದೋ ಕೈಯಿಂದ ಬಂದಿರುವಾಗ ನನ್ನದು ಯಾವುದು ಅನ್ನುವ ಭಯ ಅವರನ್ನು ಬಹಳ ಕಾಲ ಕಾಡಿತು. ಬರೆಯುವವರಿಗೆ ಇದಕ್ಕಿಂತ ಹತ್ತಿರದ ಕತೆ ಇದೆಯಾ? ನೀನು ಇದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಎರಡು ಪುಟ ಕೊಡು.

ಇಲ್ಲದ ಕಾಗದದ ಬಗ್ಗೆಯೂ ಬರೆ. 1946ರಲ್ಲಿ ಹೆಲೆನ್ ಮತ್ತು ಪಾಲಿ ಯುರೋಪಿನಲ್ಲಿದ್ದಾಗ ಕನೆಕ್ಟಿಕಟ್‌ನ ಅವರ ಮನೆ ಸುಟ್ಟುಹೋಯಿತು. ಟೀಚರ ಬಗ್ಗೆ ಬರೆಯುತ್ತಿದ್ದ ಪುಸ್ತಕದ ಹಸ್ತಪ್ರತಿ, ಎಷ್ಟೋ ವರ್ಷದ ಪತ್ರಗಳು, ಎಲ್ಲ ಬೂದಿ. ಮತ್ತೆ ಮೊದಲಿನಿಂದ ಬರೆದರು, 1955ರಲ್ಲಿ ಪುಸ್ತಕ ಬಂತು. ನೀನು ಚಿತ್ರದಲ್ಲಿ ಅಷ್ಟು ಮೆಚ್ಚಿಕೊಂಡ ಆ ಮನೆ ಇದೆಯಲ್ಲ, ಅದು ಬೆಂಕಿ ಆದ ಮೇಲೆ ಮತ್ತೆ ಕಟ್ಟಿದ್ದು. ‘ಹಳೆಯ ನೆನಪುಗಳಿಂದ ತುಂಬಿದ ಮನೆ’ ಅಂದಿದ್ದೀಯ. ಆ ಸಾಲು ತೆಗೆ.

ಇನ್ನೊಂದು ಸಣ್ಣ ಕೆಲಸ. ಚಿತ್ರ ಬಂದ ಮರುವರ್ಷ, 1955ರಲ್ಲಿ, ಅವರು ಏಷ್ಯಾ ಪ್ರವಾಸದಲ್ಲಿ ಭಾರತಕ್ಕೂ ಬಂದಿದ್ದರು, ನೆಹರೂ ಅವರನ್ನು ಕಂಡಿದ್ದರು. ಆ ವರ್ಷದ ನಮ್ಮ ಕನ್ನಡ ಪತ್ರಿಕೆಗಳು ಇದನ್ನು ಹೇಗೆ ಬರೆದವು ಅಂತ ಹುಡುಕು. ಹಳೆಯ ಕಟ್ಟುಗಳನ್ನು ತೆಗೆಸಿ ಕೂತರೆ ಎರಡು ದಿನದ ಕೆಲಸ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೋಗು, ಧೂಳು ಜಾಸ್ತಿ.

ಮುಂದಿನ ತಿಂಗಳು ಊರಿಗೆ ಬರುತ್ತೀಯಂತೆ, ಅಮ್ಮ ಹೇಳಿದರು. ಬರುವಾಗ ಆ್ಯನ್ ಪತ್ರ, ಹೆಲೆನ್ ಅಧ್ಯಾಯ ಎರಡರ ಪ್ರತಿಯನ್ನೂ ತಗೊಂಡು ಬಾ. ಜಗಲಿ ಮೇಲೆ ಕೂತು ಮೊದಲ ಸಾಲನ್ನು ಇಬ್ಬರೂ ಸೇರಿ ಮತ್ತೆ ಬರೆಯೋಣ. ಪಂಪು ಹೊಡೆಯುವವರನ್ನು ಏನಂತ ಕರೆಯಬೇಕು ಅಂತ ಅಷ್ಟರೊಳಗೆ ಯೋಚಿಸಿ ಇಟ್ಟಿರು.

ಇಂತಿ,
ನಿನ್ನ ಅಕ್ಕ